ಬೂಟು ಹೊಕ್ಕ ಎಲೆತೋಟ

ಎಲೆತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬಾರದು. ಮುಟ್ಟಾದ ಹೆಂಗಸು ಹೋಗಬಾರದು. ಈ ಎರಡು ಕಟ್ಟಳೆಗಳನ್ನು ಮದುವೆಯಾದ ಮರುದಿನವೇ ನಮ್ಮತ್ತೆ ನಾಗಲಕ್ಷ್ಮಮ್ಮ ನನಗೆ ಹೇಳಿದರು, ಉಪ್ಪಿನ ಡಬ್ಬ ಎಲ್ಲಿದೆ ಎಂದು ತೋರಿಸುವ ಮೊದಲೇ. ಎರಡರಲ್ಲಿ ಒಂದಕ್ಕೆ ಅರ್ಥವಿತ್ತು. ಅದನ್ನು ಆ ಮನೆಯವರೇ ಮುರಿದರು. ಅರ್ಥವಿಲ್ಲದ್ದನ್ನು ನನ್ನ ತಲೆಗೆ ಕಟ್ಟಿದರು.

ಊರು ಎಲೆಕ್ಟ್ರಾನಿಕ್ ಸಿಟಿಯ ಹಿಂದೆ, ಆನೇಕಲ್ಲಿಗೆ ಹೋಗುವ ದಾರಿಯಲ್ಲಿ. ಮಾವ ಚಿಕ್ಕಬೈರಪ್ಪನವರಿಗೆ ರಾಗಿ ಹೊಲವೂ ಇತ್ತು, ಆದರೆ ಅವರ ಜೀವವೆಲ್ಲ ಎಲೆತೋಟದಲ್ಲಿ. ಸಾಲುಸಾಲು ಅಗಸೆ ಮರ, ಮರಕ್ಕೊಂದು ವೀಳ್ಯದೆಲೆ ಬಳ್ಳಿ, ನಡುವೆ ನೀರು ಹಾಯುವ ಕಾಲುವೆ, ಮೂಲೆಯಲ್ಲಿ ಮುನೇಶ್ವರನ ಕಲ್ಲು. ಸುಡುಬಿಸಿಲಲ್ಲೂ ಒಳಗೆ ಕಾಲಿಟ್ಟರೆ ಮೈ ತಣ್ಣಗಾಗುತ್ತಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ತಾಂಬೂಲದ ಎಲೆಗೆ ಜನ ಮೊದಲು ಬರುತ್ತಿದ್ದದ್ದು ನಮ್ಮಲ್ಲಿಗೆ. ಒಮ್ಮೆ ಹಾಲಿನವನು ಮರೆತು ಚಪ್ಪಲಿಯಲ್ಲೇ ತೋಟದ ಬಾಗಿಲು ದಾಟಿದ್ದಕ್ಕೆ ಮಾವ ಅವನ ಹಾಲಿನ ಕ್ಯಾನನ್ನೇ ಎತ್ತಿ ಎಸೆದಿದ್ದರು.

ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸದವಳು. ತಿಂಗಳಿಗೆ ಮೂರು ದಿನ ಆಚೆ ಕೂರುತ್ತೇನೆ ಅಂತ ಅಲ್ಲಿ ಹೇಳಿದರೆ, ಸೂಪರ್‌ವೈಸರ್ ನಾಲ್ಕನೇ ದಿನವೂ ಆಚೆಯೇ ಕೂರಿಸುತ್ತಾನೆ. ಹಾಗಾಗಿ ಆ ದಿನಗಳಲ್ಲಿ ರಾತ್ರಿ ಜಗಲಿಯಲ್ಲಿ ಬೇರೆ ತಟ್ಟೆಯಲ್ಲಿ ಉಂಡು, ಅಲ್ಲೇ ಮಲಗಿ, ಬೆಳಿಗ್ಗೆ ಮಿಂದು ಬಸ್ಸು ಹಿಡಿಯುತ್ತಿದ್ದೆ. ಅತ್ತೆಗೆ ಅದು ಸರಿಬರಲಿಲ್ಲ. "ಬಸ್ಸಲ್ಲಿ ನೂರು ಜನರನ್ನ ಮುಟ್ಕೊಂಡ್ ಬರ್ತಾಳೆ. ಇವಳ ಮೈಲಿಗೆ ಯಾವಾಗ ಶುರು, ಯಾವಾಗ ಮುಗೀತು, ಆ ಬ್ರಹ್ಮಂಗೂ ಗೊತ್ತಾಗಕ್ಕಿಲ್ಲ" ಎಂದು ನೆರೆಮನೆಯವರ ಹತ್ತಿರ ಹೇಳುತ್ತಿದ್ದರು. ಆ ದಿನಗಳಲ್ಲಿ ನಾನು ತೋಟದ ಕಡೆ ತಲೆ ಕೂಡ ಹಾಕುತ್ತಿರಲಿಲ್ಲ. ಆ ಕಟ್ಟಳೆಯಲ್ಲಿ ನನಗೆ ನಂಬಿಕೆ ಇರಲಿಲ್ಲ, ಆದರೆ ಮಾವ ಆ ಬಳ್ಳಿಗಳನ್ನು ನೋಡಿಕೊಳ್ಳುತ್ತಿದ್ದ ರೀತಿಗೆ ನನಗೆ ಮರ್ಯಾದೆ ಇತ್ತು.

ತೊಂಬತ್ತಾರನೇ ಇಸವಿ, ಮುಂಗಾರಿಗೆ ಮುಂಚಿನ ಒಂದು ಭಾನುವಾರ. ನಾನು ತೋಟದಲ್ಲಿ ಎಲೆ ಕೊಯ್ಯುತ್ತಿದ್ದೆ. ಸುತ್ತ ಫ್ಯಾಕ್ಟರಿಗಳೆದ್ದು ಜಮೀನಿನ ಬೆಲೆ ಏರುತ್ತಿದ್ದ ಕಾಲ, ಜಮೀನು ಬ್ರೋಕರ್ ಪಾಪಯ್ಯ ತೋಟ ಕೊಳ್ಳುವ ಒಂದು ಪಾರ್ಟಿಯನ್ನು ಕರೆತಂದ. ಪಾರ್ಟಿ ಎಂದರೆ ಕಾರಿನಲ್ಲಿ ಬಂದ ಮೂವರು ಗಂಡಸರು, ಮೂವರ ಕಾಲಲ್ಲೂ ಬೂಟು. ಹಿಂದಿನ ದಿನ ಸಣ್ಣ ಮಳೆ ಬಿದ್ದಿತ್ತು. ಕಾರಿನಿಂದ ಇಳಿಯುವಾಗಲೇ ಆ ಬೂಟುಗಳಿಗೆ ಕೆಸರು ದಪ್ಪಗೆ ಮೆತ್ತಿತ್ತು. ಪಾಪಯ್ಯನ ಸ್ಕೂಟರಿನ ಹಿಂದೆ ಕೂತು ಬಂದಿದ್ದ ಮುನಿರಾಜು ಇಳಿದು ಪಂಚೆ ಸರಿಮಾಡಿಕೊಂಡ. ಮುನಿರಾಜು ಎಂದರೆ ನನ್ನ ಗಂಡ. ಆಗೆಲ್ಲ ಅವನ ಹೆಸರು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಈಗ ಬರೆಯಲು ಯಾವ ಅಡ್ಡಿಯೂ ಇಲ್ಲ.

ಹಾಲಿನ ಕ್ಯಾನು ಎಸೆದಿದ್ದ ಮಾವ ಬಾಗಿಲಲ್ಲಿ ನಡು ಬಗ್ಗಿಸಿ ನಿಂತು, "ಪರ್ವಾಗಿಲ್ಲ ಸಾರ್, ಅಂಗೇ ಬನ್ನಿ, ಅಂಗೇ ಬನ್ನಿ" ಎಂದರು.

"ಮಾವ, ಬೂಟು..." ಎಂದೆ. ಅವರು ನನ್ನನ್ನು ನೋಡಿದ ನೋಟಕ್ಕೆ ನನ್ನ ಮಾತು ಅಲ್ಲೇ ನಿಂತಿತು. ಅತ್ತೆ ಮನೆಯಿಂದ ಕುರ್ಚಿ ತರಿಸಿ ತೋಟದ ನಡುವೆ ಹಾಕಿಸಿದರು, ಮಜ್ಜಿಗೆ ಕೊಟ್ಟರು. ಆ ಮೂವರು ಎಲ್ಲ ಸಾಲುಗಳಲ್ಲೂ ಓಡಾಡಿದರು. ಅವರಲ್ಲೊಬ್ಬ ಬೂಟಿನ ಕೆಸರನ್ನು ನಮ್ಮ ಅಗಸೆ ಮರದ ಬುಡಕ್ಕೆ ತಿಕ್ಕಿ ತಿಕ್ಕಿ ಒರೆಸಿದ. ವ್ಯಾಪಾರ ಕುದುರಲಿಲ್ಲ. ಕಾರು ಹೊರಟುಹೋಯಿತು.

ಆಮೇಲೆ ಮಳೆ ಹಿಡಿಯಿತು. ತೋಟದ ತಗ್ಗಿನ ಕಡೆ ಆ ವರ್ಷ ಒಂದು ಫ್ಯಾಕ್ಟರಿಯವರು ಕಾಂಪೌಂಡು ಎಬ್ಬಿಸಿದ್ದರು. ಮೊದಲು ಸರಾಗ ಹರಿದುಹೋಗುತ್ತಿದ್ದ ನೀರು ಅದಕ್ಕೆ ಬಡಿದು ವಾಪಸ್ಸು ಬಂದು ಬಳ್ಳಿಯ ಬುಡದಲ್ಲಿ ನಿಂತಿತು. ಒಂದು ಬೆಳಿಗ್ಗೆ, ಬೂಟು ಒರೆಸಿದ್ದ ಆ ಅಗಸೆ ಮರದ ಬಳ್ಳಿ ಬಾಡಿತ್ತು. ಎಲೆಗಳ ಮೇಲೆ ಎಣ್ಣೆ ಬಿದ್ದ ಹಾಗೆ ಕಪ್ಪು ಕಲೆ. ವಾರದಲ್ಲಿ ಆ ಸಾಲೆಲ್ಲ ಬೇಯಿಸಿದ ಸೊಪ್ಪಿನಂತೆ ಜೋತುಬಿತ್ತು. ಬುಡ ಹಿಡಿದು ಎಳೆದರೆ ಸಿಪ್ಪೆ ಕೈಗೆ ಬರುತ್ತಿತ್ತು, ಜೊತೆಗೆ ಕೊಳೆತ ವಾಸನೆ. ಮಾವ ಕಾಲುವೆಯ ಬದುವಿನ ಮೇಲೆ ಕೂತವರು ಊಟಕ್ಕೂ ಏಳಲಿಲ್ಲ. ಅವರನ್ನು ನೋಡಿ ನನಗೆ ಅಳು ಬಂತು. ಆ ಕಣ್ಣೀರು ಈಗ ವಾಪಸ್ಸು ಕೊಟ್ಟರೆ ಇಸಿದುಕೊಳ್ಳುತ್ತೇನೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅತ್ತೆ ಅಂಗಳದಲ್ಲಿ ನಿಂತು ಕೇಳುವವರಿಗೆಲ್ಲ ಕೇಳುವಂತೆ ಹೇಳಿದರು: "ಗಾರ್ಮೆಂಟ್ಸ್‌ಗೆ ಓಗೋಳ್ನ ಮನೇಗ್ ತಂದ್ಕಂಡೆ, ನಂಗೆ ಬುದ್ಧಿ ಇಲ್ಲ. ಆ ಭಾನ್ವಾರ ಎಲೆ ಕುಯ್ದಳಲ್ಲ, ಆಚೆ ಆಗಿದ್ಲೋ ಏನೋ. ಮುನೇಶ್ವರ ಸುಮ್ನೆ ಬಿಟ್ಟಾನಾ?"

"ನಾನು ಆಗಿರ್ಲಿಲ್ಲ ಅತ್ತೆ" ಎಂದೆ.

"ಆಗಿರೋಳು ಆಗಿದೀನಿ ಅಂತ ಏಳ್ತಾಳಾ?"

ಇದಕ್ಕೆ ಯಾವ ಕೋರ್ಟಿನಲ್ಲಿ ಸಾಕ್ಷಿ ತರುವುದು? ಮುನಿರಾಜು ಕಡೆ ನೋಡಿದೆ. ಅವನು ಹಗ್ಗ ಸುತ್ತುತ್ತಿದ್ದ. ರಾತ್ರಿ ನನ್ನ ಹತ್ತಿರ, "ಅಮ್ಮಂಗೆ ತಿಳುವಳ್ಕೆ ಇಲ್ಲ, ನೀನ್ ಮನ್ಸಿಗ್ ಆಕ್ಕೋಬೇಡ" ಎಂದ. ಒಳ್ಳೆಯ ಗಂಡಸು, ತಾಯಿಯ ಮುಂದೆ ಬಾಯಿ ಬರುವುದಿಲ್ಲ ಅಷ್ಟೆ, ಎಂದುಕೊಂಡೆ.

ಮಾರನೇ ದಿನ ಅರ್ಧ ದಿನ ರಜೆ ಹಾಕಿ, ಕೊಳೆತ ಬಳ್ಳಿಯ ಬುಡವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಆನೇಕಲ್ಲಿನ ತೋಟಗಾರಿಕೆ ಆಫೀಸಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಹೇಮಲತಾ ಮೇಡಂ ದಾವಣಗೆರೆ ಕಡೆಯವರು, ಎಲೆಬಳ್ಳಿ ನೋಡಿಯೇ ಬೆಳೆದವರು. ಕವರು ಬಿಚ್ಚಿ ಮೂಸಿ, "ಬುಡಕೊಳೆ ಇದು. ನಾಳೆ ಬರ್ತೀನಿ, ಮನಿಯಾಗ ಇರ್ರಿ" ಎಂದರು. ಬಂದರು ಕೂಡ.

ತೋಟದ ಬಾಗಿಲಲ್ಲಿ ಯಾರೂ ಹೇಳುವ ಮೊದಲೇ ಮೇಡಂ ಚಪ್ಪಲಿ ಬಿಟ್ಟರು. ಅತ್ತೆ ಅಡ್ಡ ನಿಂತು ತಗ್ಗಿದ ದನಿಯಲ್ಲಿ ಕೇಳಿದರು: "ತಪ್ಪು ತಿಳ್ಕೋಬೇಡಿ ಮೇಡಮ್ಮಾರೆ. ನೀವು... ಒಳಗ್ ಬರೋ ಅಂಗಿದ್ದೀರಾ?"

"ಇದೀನಮ್ಮ, ದಾರಿ ಬಿಡ್ರಿ" ಎಂದು ಮೇಡಂ ನಗುತ್ತಲೇ ಒಳಗೆ ನಡೆದರು.

ಬಳ್ಳಿಯ ಬುಡ ಅಗೆದು, ಬೇರು ಕಿತ್ತು ತೋರಿಸಿ ಎಲ್ಲರಿಗೂ ತಿಳಿಯುವ ಹಾಗೆ ಹೇಳಿದರು. ಇದು ಮಣ್ಣಿನಲ್ಲಿ ಬೆಳೆಯುವ ಶಿಲೀಂಧ್ರ, ಕಣ್ಣಿಗೆ ಕಾಣದ ಬೂಷ್ಟು. ನಿಂತ ನೀರಿನಲ್ಲಿ ಈಜಿಕೊಂಡು ಒಂದು ಬುಡದಿಂದ ಇನ್ನೊಂದಕ್ಕೆ ಹೋಗುತ್ತದೆ. ಮೊದಲು ನೀರು ಬಸಿಯಲು ಆಳವಾದ ಕಾಲುವೆ ತೋಡಿ. ರೋಗ ಬಂದ ಬಳ್ಳಿಯನ್ನು ಬೇರುಸಹಿತ ಕಿತ್ತು ತೋಟದ ಹೊರಗೆ ಸುಡಿ, ತಿಪ್ಪೆಗೆ ಹಾಕಬೇಡಿ. ಉಳಿದ ಬಳ್ಳಿಗಳ ಬುಡಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಯ್ಯಿರಿ, ಮಳೆಗಾಲ ಮುಗಿಯುವವರೆಗೆ ತಿಂಗಳಿಗೊಮ್ಮೆ. ಬೇವಿನ ಹಿಂಡಿ ಕೊಡಿ. ಹೊಸ ಬಳ್ಳಿ ನೆಡುವುದಾದರೆ ರೋಗವಿಲ್ಲದ ತೋಟದಿಂದ ತನ್ನಿ.

ಆಮೇಲೆ ಕೈ ಒರೆಸಿಕೊಳ್ಳುತ್ತ, "ಇದು ತಾನಾಗೇ ಬರಂಗಿಲ್ಲ ಯಜಮಾನ್ರೆ. ಬಳ್ಳಿ ಜೊತಿಗೆ ಬರತೈತಿ, ಇಲ್ಲಾ ಕಾಲಿನ ಮಣ್ಣಿನ ಜೊತಿಗೆ. ಇಲ್ಲೇ ಹತ್ರ ಯಂಕಪ್ಪ ಅನ್ನೋರ ತೋಟ ಇದ ರೋಗದಿಂದ ಪೂರಾ ಹೋತು, ಮಾರಾಕ ಹಚ್ಚ್ಯಾರ. ಅಲ್ಲಿಂದ ಯಾರರ ಇಲ್ಲಿಗೆ ಬಂದಿದ್ರೇನು?" ಎಂದರು.

"ಯಾರೂ ಬಂದಿಲ್ಲ" ಎಂದರು ಮಾವ.

"ಒಂದು ಪಾರ್ಟಿ ಬಂದಿತ್ತು ಮೇಡಂ" ಎಂದೆ ನಾನು. "ಬೂಟು ಹಾಕ್ಕೊಂಡೇ ಒಳಗೆಲ್ಲಾ ಓಡಾಡಿದ್ರು. ಬರೋವಾಗ್ಲೇ ಬೂಟಲ್ಲಿ ಕೆಸರಿತ್ತು."

ಮಾವನ ಮುಖ ಕಪ್ಪಿಟ್ಟಿತು. "ಅವ್ರು ಸೀದಾ ಬೆಂಗ್ಳೂರಿಂದ ಬಂದೋರು. ಕಾರಲ್ಲಿ ಬಂದೋರ್ಗೆ ಎಲ್ಲಿಂದ ಬಂತು ಕೆಸ್ರು?"

ಮೇಡಂ ಮುನಿರಾಜು ಕಡೆ ತಿರುಗಿದರು. "ನೀವಿದ್ರೇನ್ರಿ ಅವರ ಜೊತಿ?"

"ನಾನು ಮೇನ್ ರೋಡಲ್ಲಿ ಅವರ್ ಜತೆ ಸೇರ್ಕಂಡೆ ಮೇಡಂ. ಎಲ್ಲಿಂದ ಬಂದ್ರೋ ಗೊತ್ತಿಲ್ಲ" ಎಂದ ಮುನಿರಾಜು.

ಅಲ್ಲಿಗೆ ಆ ಮಾತು ಮುಗಿಯಿತು. ಮೇಡಂ ಅವರನ್ನು ರಸ್ತೆಯವರೆಗೆ ಬಿಡಲು ಹೋದೆ. ಅತ್ತೆ ನನ್ನ ಮೇಲೆ ಹೊರಿಸಿದ್ದನ್ನು ದಾರಿಯಲ್ಲಿ ಹೇಳಿದೆ. ಅವರು ನಿಂತುಬಿಟ್ಟರು. "ನಿಮ್ಮತ್ತಿಗೆ ಸುಳ್ಳು ಹೇಳಿದೆ ನೋಡ್ರಿ. ನನಗ ಇವತ್ತು ಎರಡನೇ ದಿನ. ಆ ಬಳ್ಳಿಗಳಿಗೆ ಮಾತ್ರ ಹೇಳಬ್ಯಾಡ್ರಿ, ಬ್ಯಾಸರ ಮಾಡ್ಕೊಂಡಾವು" ಎಂದರು. ಎಷ್ಟೋ ದಿನಗಳ ಮೇಲೆ ನಾನು ಹೊಟ್ಟೆ ತುಂಬ ನಕ್ಕೆ.

ಮಾವ ಓದಿದವರ ಮಾತು ಎಂದು ಮೂಗು ಮುರಿದರೂ ಔಷಧಿ ಬೇಡ ಎನ್ನಲಿಲ್ಲ. ಮುನಿರಾಜು ಬಸಿಗಾಲುವೆ ತೋಡಿದ. ರೋಗದ ಬಳ್ಳಿಗಳನ್ನು ಕಿತ್ತು ರಾಶಿ ಹಾಕಿ ಸುಟ್ಟೆವು. ಭಾನುವಾರ ಇಬ್ಬರೂ ಸೇರಿ ದ್ರಾವಣ ಮಾಡಿದೆವು. ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ, ಬೇರೆ ಬೇರೆ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕುಡುಗೋಲಿನ ತುದಿ ಅದ್ದಿ ನೋಡಬೇಕು, ಕಬ್ಬಿಣದ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಆಕಾಶದ ಬಣ್ಣದ ಆ ನೀರು ಮುನಿರಾಜುವಿನ ಮೀಸೆಗೆ ಸಿಡಿದಿತ್ತು. "ಕೃಷ್ಣಪರಮಾತ್ಮ" ಎಂದು ಕೀಟಲೆ ಮಾಡಿದೆ. ಅವನೂ ನಕ್ಕ. ಆ ಮನೆಯಲ್ಲಿ ನಾನು ಸುಖವಾಗಿದ್ದೆ ಎಂದು ಹೇಳಬಹುದಾದ ದಿನ ಅದು.

ಆ ಸಂಜೆಯೇ ಅತ್ತೆಯ ಅಣ್ಣ, ಅತ್ತಿಗೆ, ಇನ್ನೂ ಒಂದಿಬ್ಬರು ನೆಂಟರು ತೋಟ ನೋಡಲು ಬಂದರು. ಜಗಲಿಯಲ್ಲಿ ಕಾಫಿ ಕುಡಿಯುತ್ತ ಅತ್ತೆ ಮತ್ತೆ ಅದೇ ರಾಗ ತೆಗೆದರು. ಮೈಲಿಗೆಯವಳು ಹೊಕ್ಕು ತೋಟ ಹಾಳಾಯಿತು, ಏನು ಔಷಧಿ ಹೊಯ್ದರೂ ಅಷ್ಟೆ. ನನ್ನ ಕೈಯಲ್ಲಿ ಇನ್ನೂ ಸುಣ್ಣದ ಉರಿ ಇತ್ತು. ಬಾಯಿ ತಪ್ಪಿ ಬಂತು ಎನ್ನಲಾರೆ, ಬೇಕೆಂದೇ ಹೇಳಿದೆ: "ಅತ್ತೆ, ಔಷಧಿ ಬರೆದುಕೊಟ್ಟ ಮೇಡಂ ಅವತ್ತು ಮುಟ್ಟಾಗಿದ್ರು. ಇಡೀ ತೋಟ ಸುತ್ತಿದ್ರು, ಬಳ್ಳಿ ಮುಟ್ಟಿದ್ರು. ಈಗ ನೋಡಿ, ಅವತ್ತಿಂದ ಹೊಸದಾಗಿ ಒಂದು ಬಳ್ಳಿಯೂ ಬಾಡಿಲ್ಲ."

ಲೋಟಗಳು ಕೆಳಗಿಳಿದವು. ಅವರು ಒಂದು ನಿಮಿಷ ಯೋಚಿಸುತ್ತಾರೆ ಎಂದುಕೊಂಡಿದ್ದೆ. ಯೋಚಿಸಲಿಲ್ಲ. ಅತ್ತೆ ಎದೆ ಬಡಿದುಕೊಂಡರು. "ಗೊತ್ತಿದ್ದೂ ಒಳಿಕ್ ಬಿಟ್ಟಳಲ್ಲಪ್ಪೋ! ಇವಳೇ ಕರ್ಕಂಬಂದು ಒಳಿಕ್ ಬಿಟ್ಟಳು!" ಎಂದು ಕೂಗಿದರು. ನನಗೆ ಗೊತ್ತಾದದ್ದು ಆಮೇಲೆ ಎಂದರೆ ಕೇಳುವ ಕಿವಿ ಅಲ್ಲಿರಲಿಲ್ಲ. ಅತ್ತೆಯ ಅಣ್ಣ, "ಬಾವ, ಎಂಗಸ್ರನ್ನ ಇಷ್ಟ್ ಸಡ್ಲ ಬಿಡಬಾರದು" ಎಂದ. ಮಾವ ನನ್ನ ಮುಖ ನೋಡದೆ ಹೇಳಿದರು: "ಸ್ವಲ್ಪ ದಿನ ನಿಮ್ಮಮ್ಮನ ಮನೇಗ್ ಓಗಿರವ್ವ."

ಮುನಿರಾಜು ಬೆಳಿಗ್ಗೆ ಬಸ್ಸಿನವರೆಗೆ ಬಂದ. "ಅಳೇ ಕಾಲದೋರು ಅನ್ಸೂಯ, ರೋಗ ಅಂದ್ರೆ ಅವ್ರಿಗೆ ಅರ್ಥ ಆಗಕ್ಕಿಲ್ಲ. ನಾನು ನಿಧಾನಕ್ಕೆ ಏಳಿ ಒಪ್ಪಿಸ್ತೀನಿ" ಎಂದ. ನನ್ನ ಬ್ಯಾಗನ್ನು ತಾನೇ ಬಸ್ಸಿನ ಸೀಟಿನ ಮೇಲಿಟ್ಟ.

ತವರಿನಲ್ಲಿ ಅಣ್ಣನ ಸಂಸಾರಕ್ಕೇ ಜಾಗ ಸಾಲದು. ನಾನು ಬೊಮ್ಮನಹಳ್ಳಿಯಲ್ಲಿ, ನನ್ನ ಪಕ್ಕದ ಮಿಷನ್ನಿನ ದುರ್ಗವ್ವನ ರೂಮಿನಲ್ಲಿ ಸೇರಿಕೊಂಡೆ. ಅಲ್ಲಿ ನಾಲ್ಕು ಜನ ಹೆಂಗಸರು, ಒಂದು ಸ್ಟವ್ವು. ಯಾರು ಯಾವಾಗ ಮುಟ್ಟಾದರು ಎಂದು ಕೇಳುವವರಿಲ್ಲ. ಆದರೂ ಹಾಸಿಗೆಯಲ್ಲಿ ಮಗ್ಗುಲು ತಿರುಗಿದಾಗ ಮುನಿರಾಜು ಇಲ್ಲ ಎಂದು ಎದೆ ಹಿಂಡುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ವಾಪಸ್ಸು ಹೋಗಬೇಕಿತ್ತು.

ಅತ್ತ ಊರಿನಲ್ಲಿ ಅವರು ಪೂಜಾರಿಯನ್ನು ಕರೆಸಿ ತೋಟಕ್ಕೆಲ್ಲ ಗಂಜಲ ಚಿಮುಕಿಸಿ, ಮುನೇಶ್ವರನಿಗೆ ಕೋಳಿ ಕುಯ್ಯಿಸಿದರು. ಮುನಿರಾಜು ತಿಂಗಳು ತಿಂಗಳೂ ತಪ್ಪದೆ ದ್ರಾವಣ ಹೊಯ್ಯುತ್ತಿದ್ದ. ಬುಡಕ್ಕೆ ತುತ್ತವೂ ಬಿತ್ತು, ಗಂಜಲವೂ ಬಿತ್ತು. ಬಳ್ಳಿ ಚಿಗುರಿತು. ಹೆಸರು ಗಂಜಲಕ್ಕೆ ಬಂತು. ನಾನು ಹೊಸಿಲು ದಾಟಿದ್ದೇ ತಡ ತೋಟ ಎದ್ದು ನಿಂತಿತು ಎಂದು ಊರೆಲ್ಲ ಮಾತಾಯಿತು. ರೋಗ ಗುಣವಾಗಲಿ ಎಂದು ಆಫೀಸಿಗೆ ಅಲೆದವಳು ನಾನು. ಗುಣವಾದದ್ದೇ ನನ್ನ ವಿರುದ್ಧ ಸಾಕ್ಷಿಯಾಯಿತು.

ಮುನಿರಾಜು ಆಗಾಗ ಫ್ಯಾಕ್ಟರಿ ಗೇಟಿಗೆ ಬರುತ್ತಿದ್ದ. ಟೀ ಅಂಗಡಿಯ ಬೆಂಚಿನಲ್ಲಿ ಕೂತು ಅವನಿಗೆ ಪಾಠ ಮಾಡುತ್ತಿದ್ದೆ. ಅತ್ತೆಗೆ ಹೀಗೆ ಹೇಳಿ, ಹಾಲಿಗೆ ಹೆಪ್ಪು ಬಿದ್ದರೆ ಪಾತ್ರೆ ಪೂರ್ತಿ ಮೊಸರಾಗುವುದಿಲ್ಲವೇ, ಹಾಗೆ ಒಂದು ಹಿಡಿ ಮಣ್ಣು ಸಾಕು ಎನ್ನಿ. ಹಿರಿಯರು ಚಪ್ಪಲಿ ಬೇಡ ಅಂದದ್ದು ಯಾಕೆ ಅಂತ ಕೇಳಿ. ಪಾಪಯ್ಯನನ್ನು ಹಿಡಿದು, ಪಾರ್ಟಿ ಅವತ್ತು ಎಲ್ಲಿಂದ ಬಂತು ಎಂದು ವಿಚಾರಿಸಿ. ಅವನು ಮೊದಲ ಸಲ ಕೇಳುತ್ತಿರುವಂತೆ ತಲೆಯಾಡಿಸುತ್ತಿದ್ದ. "ಪಾಪಯ್ಯ ಸಿಕ್ತಾನೇ ಇಲ್ಲ" ಎನ್ನುತ್ತಿದ್ದ. ಮುಂದಿನ ಸಲ ಬಂದಾಗ ನಾನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಕೆಲಸ ಬಿಟ್ಟು ಆಚೆ ಬಂದರೆ, ಗೇಟಿನ ಎದುರು ಮಾವ ನಿಂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಹೊಸೂರು ರೋಡಿನ ಲಾರಿಗಳ ಧೂಳಿನಲ್ಲಿ ಆ ದೊಡ್ಡ ಗಂಡಸು ದಾರಿ ತಪ್ಪಿದವರಂತೆ ಕಂಡರು. ಬಸ್ ಸ್ಟಾಪಿನ ಹತ್ತಿರ ಕರೆದುಕೊಂಡು ಹೋದೆ. ಬಾಳೆ ಎಲೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟೊಂದನ್ನು ನನ್ನ ಕೈಗಿಟ್ಟರು.

"ನಿಮ್ಮತ್ತೆಗೆ ಮಂಡಿ ನೋವು, ಮನೆ ನೋಡ್ಕಳಕ್ ಆಗ್ತಿಲ್ಲ. ಮನೇಗ್ ಬಾರವ್ವ" ಎಂದರು. "ಅಮಾಸೆ ದಿನ ಮುನೇಶ್ವರನ ಮುಂದೆ ತಪ್ಪಾಯ್ತು ಅಂತ ಒಂದ್ ತೆಂಗಿನಕಾಯಿ ಒಡ್ದುಬಿಡು. ಕುಲಸ್ತರು ನಾಲ್ಕು ಜನ ಇರ್ತಾರೆ. ಆಮೇಲ್ ಯಾರೂ ಚಕಾರ ಎತ್ತಕ್ಕಿಲ್ಲ."

"ನಾನ್ ಮಾಡದೆ ಇರೋ ತಪ್ಪಿಗೆ ಕಾಯಿ ಒಡೀಬೇಕಾ ಮಾವ?"

ಅವರು ರಸ್ತೆಯ ಕಡೆ ನೋಡಿದರು. "ನೀನಲ್ಲ ಅಂತ ನಂಗೊತ್ತು ಕಣವ್ವ" ಎಂದರು. "ಆ ಬೂಟುಗಳಿಂದ್ಲೇ ಬಂದಿದ್ದು. ನಾನೇ ಅಂಗೇ ಬನ್ನಿ ಅಂತ ಕರ್ದೆ. ಅಪ್ಪ, ತಾತ ಬರಿಗಾಲಲ್ಲಿ ನಡೆದ ತೋಟ. ಊರೋರ್ ಮುಂದೆ ಅದನ್ನ ನಾನ್ ಯಾವ್ ಬಾಯಲ್ಲಿ ಏಳ್ಲಿ? ನೀನ್ ಚಿಕ್ಕೋಳು, ನಿಂಗೆ ಒಂದ್ ದಿನದ ಮಾತು. ನಾನು ಸಾಯೋಗಂಟ ನಿನ್ನ ಮಗಳ್ ತರ ನೋಡ್ಕಂತೀನಿ."

ನನಗೆ ಸಿಟ್ಟು ಬರಲಿಲ್ಲ, ಸಂತೋಷವಾಯಿತು. ಕೊನೆಗೂ ಒಬ್ಬರಿಗೆ ಅರ್ಥವಾಯಿತಲ್ಲ! ನನ್ನ ಪಾಠ ವ್ಯರ್ಥವಾಗಲಿಲ್ಲ, ಮುನಿರಾಜು ಹೇಳಿ ಒಪ್ಪಿಸಿದ್ದಾನೆ ಎಂದುಕೊಂಡೆ. ಇಷ್ಟಾದರೆ ಸಾಕು, ಊರವರ ಮುಂದೆ ಒಂದು ಕಾಯಿ ತಾನೇ, ಒಡೆದರಾಯಿತು ಎಂದು ಮನಸ್ಸು ಆಗಲೇ ಮನೆಯ ಹಾದಿ ಹಿಡಿದಿತ್ತು.

"ನಿಮಗೆ ಅವರು ಹೇಳಿದ್ರಾ ಮಾವ? ನಿಮ್ಮ ಮಗ?" ಎಂದು ಕೇಳಿದೆ.

"ಇನ್ಯಾರ್ ಏಳ್ತಾರೆ? ಅವನೇ ಏಳಿದ್ದು."

"ಯಾವಾಗ ಹೇಳಿದ್ರು?"

"ಮೊದ್ಲ ಬಳ್ಳಿ ಬಾಡಿದ್ ದಿನಾನೇ ಬಂದು ಏಳ್ದ" ಎಂದರು ಮಾವ, ಅದರಲ್ಲೇನು ವಿಶೇಷ ಎನ್ನುವಂತೆ. "ಆ ಪಾರ್ಟಿಗೆ ಯಂಕಪ್ಪನ ತೋಟ ತೋರ್ಸಕ್ಕೆ ಪಾಪಯ್ಯನ ಜತೆ ಓಗಿದ್ದೋನು ಅವನೇ ಅಲ್ವ. ಅಲ್ಲಿಂದ ಸೀದಾ ನಮ್ಮಲ್ಲಿಗೇ ಬಂದಿದ್ದು. ಅಪ್ಪ, ಯಂಕಪ್ಪನ ತೋಟದಾಗೂ ಇದೇ ಕೊಳೆ, ಬೂಟಲ್ಲಿ ಬಂದದೆ, ಅಂದ. ಬಾಯ್ ಬಿಡಬೇಡ ಕಣ್ಲಾ, ನನ್ ಮರ್ವಾದೆ ಓಗ್ತದೆ ಅಂದೆ. ನನ್ ಮಾತು ಮೀರಲಿಲ್ಲ, ಪಾಪ. ನಿಮ್ಮತ್ತೆಗೂ ಆಮೇಲ್ ಗೊತ್ತಾಯ್ತು."

ಮೊದಲ ಬಳ್ಳಿ ಬಾಡಿದ ದಿನ ಅತ್ತೆ ಇನ್ನೂ ನನ್ನ ಹೆಸರೆತ್ತಿರಲಿಲ್ಲ. ಅಂದರೆ ಅವರು ಅಂಗಳದಲ್ಲಿ ನಿಂತು ಕೂಗಾಡುವಾಗ ಅವನಿಗೆ ಗೊತ್ತಿತ್ತು. ಮೇಡಂ ಕೇಳಿದಾಗ ಮೇನ್ ರೋಡು ಎಂದದ್ದು ಗೊತ್ತಿದ್ದೇ. ನನ್ನ ಜೊತೆ ಕುಡುಗೋಲು ಅದ್ದುವಾಗ, ಬಸ್ಸಿನಲ್ಲಿ ಬ್ಯಾಗು ಇಡುವಾಗ, ಟೀ ಅಂಗಡಿಯಲ್ಲಿ ನಾನು ಹಾಲು, ಹೆಪ್ಪು ಎಂದು ಬಾಯಿ ಬಡಿದುಕೊಳ್ಳುವಾಗ ಗೊತ್ತಿತ್ತು. ನಾನು ಯಾರಿಗೂ ಏನನ್ನೂ ತಿಳಿಸಿ ಹೇಳಬೇಕಾದದ್ದೇ ಇರಲಿಲ್ಲ.

ಆನೇಕಲ್ ಬಸ್ಸು ಬಂತು. ಎಲೆಯ ಕಟ್ಟನ್ನು ಮಾವನ ಕೈಗೆ ವಾಪಸ್ಸು ಕೊಟ್ಟೆ.

"ಅವನಿಗೆ ಏನಂತ ಏಳ್ಲವ್ವ?" ಎಂದರು ಮಾವ, ಒಂದು ಕಾಲು ಮೆಟ್ಟಿಲ ಮೇಲಿಟ್ಟು.

"ಏನೂ ಹೇಳ್ಬೇಡಿ. ಸುಮ್ನಿರೋದು ಅವ್ರಿಗೆ ಚೆನ್ನಾಗ್ ಬರುತ್ತೆ, ಹಂಗೇ ಇರಕ್ಕೆ ಹೇಳಿ."

ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಅಂದು ಓವರ್‌ಟೈಮ್‌ಗೆ ಜನ ಸಾಲದು ಎಂದು ಸೂಪರ್‌ವೈಸರ್ ಸಂಜೆ ಕೂಗುತ್ತಿದ್ದ. ನಾನು ಗೇಟು ದಾಟಿ ಒಳಗೆ ಹೋಗಿ ಮಿಷನ್ನಿನ ಮುಂದೆ ಕೂತೆ.